ಐದು ಗುಂಟೆ

“ದೂರ ನಿಂತು ಎಸೆಯೋ, ಬೋಳಿಮಗನೆ. ಕೈಗೇ ಕೊಡೋಕೆ ಬರ್ತಾನೆ ನೋಡು.”

ಎದೆಮಟ್ಟದ ಗುಂಡಿಯಲ್ಲಿ ನಿಂತಿದ್ದ ಉಜ್ಜನಪ್ಪ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಅಂಗೈಯಲ್ಲಿ ತೆಂಗಿನಕಾಯಿ ಗಾತ್ರದ ಬಿಳಿ ಮಣ್ಣಿನ ಹೆಂಟೆಯಿತ್ತು. ಅದನ್ನು ದಡದ ಮೇಲೆ ಉರುಳಿಸಿದ. ಬೈದ ಗುಮಾಸ್ತ ಅದರ ಮೇಲೆ ಚೊಂಬಿನಿಂದ ನೀರು ಚಿಮುಕಿಸಿ, ಮೇಲಿನ ಪದರವನ್ನು ಕಡ್ಡಿಯಿಂದ ಕೆರೆದು ತೆಗೆದು, ಒಳಗಿನ ಒಂದು ಚೂರನ್ನು ಕೊಡೆಯ ನೆರಳಲ್ಲಿ ನಿಂತಿದ್ದ ಲಕ್ಷ್ಮೀಕಾಂತಯ್ಯನವರ ಕೈಗಿಟ್ಟ.

ಲಕ್ಷ್ಮೀಕಾಂತಯ್ಯ ಶಿವಮೊಗ್ಗದ ಕಂಟ್ರಾಕ್ಟರು, ದೇವಸ್ಥಾನವೊಂದರ ಧರ್ಮದರ್ಶಿ. ಭದ್ರಾವತಿಯ ಒಂದು ಇಟ್ಟಿಗೆ ಭಟ್ಟಿಗೆ ಮಣ್ಣು ಒದಗಿಸುವ ಗುತ್ತಿಗೆ ಅವರದು. ಮನೆ ಕಟ್ಟುವ ಕೆಂಪು ಇಟ್ಟಿಗೆಯಲ್ಲ. ಕಬ್ಬಿಣ ಕರಗಿಸುವ ಕುಲುಮೆಯ ಒಳಗೋಡೆಗೆ ಕೂರಿಸುವ, ಎಂಥ ಬೆಂಕಿಗೂ ಬಿರಿಯದ ಬಿಳಿ ಇಟ್ಟಿಗೆ. ಅದಕ್ಕೆ ಕಂಡಕಂಡ ಮಣ್ಣು ಆಗುವುದಿಲ್ಲ. ಅವರು ಆ ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಮಣ್ಣು ನಾಲಿಗೆಗೆ ಅಂಟಿತು.

“ಹಿಡಿಯುತ್ತೆ,” ಅಂದರು.

ಸಂಜೆ ಉಜ್ಜನಪ್ಪ ಹೆಂಡತಿಗೆ ನಗುತ್ತ ಹೇಳಿದ. “ನನ್ ಕೈ ಬ್ಯಾಡ ಕಣೆ ಅವ್ರಿಗೆ. ನನ್ ಉಗುರಾಗಿದ್ದ ಮಣ್ಣು ಬಾಯಿಗೇ ಹೋಯ್ತು.”

ತುಂಗಮ್ಮ ನಗಲಿಲ್ಲ. “ಬಾಯಿಗೆ ಹೋದದ್ದು ಹೊಟ್ಟೆಗೂ ಹೋಯ್ತದೆ. ಹುಷಾರಾಗಿರು,” ಅಂದಳು.

ಆ ಹೊಲ ಉಜ್ಜನಪ್ಪನಿಗೆ ಯಾರೋ ಧರ್ಮಕ್ಕೆ ಕೊಟ್ಟದ್ದಲ್ಲ. ದೊಡ್ಡೇರಿಕೊಪ್ಪದ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದಾಗ ಅವನ ತಾತನ ತಾತ ಅಡ್ಡ ನಿಂತು ಕಡಿಸಿಕೊಂಡು ಸತ್ತನಂತೆ. ದನ ಉಳಿದವು. ಆ ಕಾಲದ ಪಾಳೇಗಾರ ಸತ್ತವನ ಮಕ್ಕಳಿಗೆ ಈಗಿನ ಲೆಕ್ಕದಲ್ಲಿ ಎರಡು ಎಕರೆ ಹತ್ತು ಗುಂಟೆ ನೆತ್ತರುಕೊಡಗೆ ಬರೆದುಕೊಟ್ಟ. ನಿಧಿ, ನಿಕ್ಷೇಪ, ಜಲ, ಪಾಷಾಣ ಸಮೇತ. ಆ ದನಗಳ ಒಡೆಯರ ಮೊಮ್ಮಕ್ಕಳು ಇವತ್ತಿಗೂ ಉಜ್ಜನಪ್ಪನ ಕೇರಿಗೆ ಊರ ಬಾವಿ ಬಿಟ್ಟಿಲ್ಲ. ಆದರೆ ಬರವಣಿಗೆ ಉಳಿದಿತ್ತು. ಊರಿನ ಬೇರೆ ಹೊಲಗಳಲ್ಲಿ ಮೇಲಿನ ಬೆಳೆ ರೈತನದು, ಒಳಗಿನ ಖನಿಜ ಸರ್ಕಾರದ್ದು. ಈ ಹೊಲದಲ್ಲಿ ಮಾತ್ರ ಒಳಗಿನದೂ ಉಜ್ಜನಪ್ಪನದೇ ಎಂದು ಕಚೇರಿಯ ಹಳೇ ದಫ್ತರ ಹೇಳುತ್ತಿತ್ತು. ಲಕ್ಷ್ಮೀಕಾಂತಯ್ಯ ಮೊದಲು ಸರ್ಕಾರದ ಹತ್ತಿರವೇ ಹೋಗಿದ್ದರು. “ಅದು ನಮ್ಮದಲ್ಲ, ಅವನನ್ನೇ ಕೇಳಿ,” ಎಂದು ಅಲ್ಲಿಂದ ವಾಪಸ್ಸು ಕಳಿಸಿದ್ದರು. ಹಾಗಾಗಿ ಅವರ ಕಾರು ಕೇರಿಯ ಮುಂದೆ ಬಂದು ನಿಂತಿತ್ತು.

“ಮಣ್ಣು ಕೊಡು, ಬ್ಯಾಡ ಅನ್ನಲ್ಲ,” ಅಂದಿದ್ದಳು ತುಂಗಮ್ಮ. “ರಾಗಿ ಬೆಳೆಯದ ನೆಲ ಅದು. ಆದರೆ ಬಡಗಣ ಮೂಲೆ ಮುಟ್ಟಂಗಿಲ್ಲ ಅಂತ ಮೊದ್ಲೇ ಅನ್ನು. ಆಮೇಲೆ ಬಾಕಿ ಮಾತು.”

ಬಡಗಣ ಮೂಲೆಯಲ್ಲಿ ಅವನ ಅಪ್ಪ, ಅವ್ವ ಮಲಗಿದ್ದರು. ಅವರ ಕಾಲ ಹತ್ತಿರ ಮಗಳು ಸರಸ್ವತಿ. ಹೆಸರು ಬರೆಸಲು ಹೋದಾಗ ಶಾನುಭೋಗ, “ಸರಸ್ವತಿ ಅಂತೇನೋ? ಲಕ್ಷ್ಮಿ ಅಂತಿಟ್ಟಿದ್ರೆ ನಾಕು ಕಾಸಾದ್ರೂ ಬರೋದು,” ಎಂದು ನಕ್ಕಿದ್ದ. ಹುಡುಗಿ ಶಾಲೆಯ ಜಗಲಿಯಲ್ಲಿ ಕಿಟಕಿಯ ಕೆಳಗೆ ಕೂತು ಒಳಗಿನವರಿಗೆ ಹೇಳಿಕೊಟ್ಟ ಅಕ್ಷರವನ್ನೆಲ್ಲ ಹೊರಗೆ ಧೂಳಿನಲ್ಲಿ ಬರೆಯುತ್ತಿದ್ದಳು. ಆರು ತುಂಬಿದ ವರ್ಷ ಸಿಡುಬು ಬಂತು. ಹೊರಲು ಯಾರೂ ಬರಲಿಲ್ಲ. ಉಜ್ಜನಪ್ಪನೇ ಹೆಗಲ ಮೇಲೆ ಹಾಕಿಕೊಂಡು ಹೋಗಿ, ತಾನೇ ತೋಡಿ, ತಾನೇ ಮುಚ್ಚಿ ಬಂದಿದ್ದ. ಈಗ ಎರಡು ವರ್ಷ. ತುಂಗಮ್ಮ ಸೋಮವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಸುಮ್ಮನೆ ಕೂತು ಬರುತ್ತಾಳೆ. ಅಳುವುದಿಲ್ಲ, ಮಾತಾಡುವುದಿಲ್ಲ. ಒಂದು ತಾಸು ಕೂತು, ಸೀರೆ ಕೊಡವಿಕೊಂಡು ಎದ್ದು ಬರುತ್ತಾಳೆ.

ಮಾತುಕತೆ ಶಿವಮೊಗ್ಗದ ದನದ ಸಂತೆಯಲ್ಲಿ ಆಯಿತು. ಮಣ್ಣು ಹೊಡೆಯಲು ಲಕ್ಷ್ಮೀಕಾಂತಯ್ಯನವರಿಗೆ ಎತ್ತು ಬೇಕಿದ್ದವು. ಎತ್ತಿನ ದಲ್ಲಾಳಿ ಗುಲಾಮ್ ಮೊಹಿದ್ದೀನನೇ ನಡುವೆ ನಿಲ್ಲಲಿ ಎಂದರು. ಉಜ್ಜನಪ್ಪನಿಗೂ ಅದು ಸರಿ ಕಂಡಿತು. ಹತ್ತು ವರ್ಷ ಅವನು ಮೊಹಿದ್ದೀನನ ದನಗಳನ್ನು ಊರಿಂದೂರಿಗೆ ಹೊಡೆದವನು. ಮೊಹಿದ್ದೀನನ ಮನೆಯಲ್ಲಿ ಒಂದೇ ತಟ್ಟೆಯಲ್ಲಿ ಉಂಡವನು.

ಸಂತೆಯಲ್ಲಿ ಬಾಯಿ ಮಾತಾಡುವುದು ಎತ್ತಿನ ಹಲ್ಲು, ಸುಳಿ, ಗೊರಸಿನ ಬಗ್ಗೆ. ಬೆಲೆ ಮಾತಾಡುವುದು ಬೆರಳು. ದಲ್ಲಾಳಿ ಹೆಗಲ ಟವಲ್ಲನ್ನು ಕೈಗಳ ಮೇಲೆ ಹೊದಿಸುತ್ತಾನೆ. ಕೆಳಗೆ ಕೊಳ್ಳುವವನು ಮಾರುವವನ ಬೆರಳು ಹಿಡಿಯುತ್ತಾನೆ. ಒಂದು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಮುಷ್ಟಿ ಹಿಡಿದರೆ ಐದು. ನೂರು ಜನ ಸುತ್ತ ನಿಂತಿದ್ದರೂ ಏನು ಮಾತಾಯಿತೆಂದು ಗೊತ್ತಾಗುವುದಿಲ್ಲ. ಹಿಡಿದ ಕೈ ಕುಲುಕಿ ಬಿಟ್ಟರೆ ಮುಗಿಯಿತು. ಉಜ್ಜನಪ್ಪ ಕಂಡಂತೆ ಆ ಮೇಲೆ ಒಂದೇ ಒಂದು ಎತ್ತು ಹಿಂದಕ್ಕೆ ಬಂದದ್ದಿಲ್ಲ. ಯಾರೂ ಕಾಗದ ಕೇಳಿದ್ದಿಲ್ಲ.

ಆದರೆ ಉಜ್ಜನಪ್ಪನಂಥವನ ಜೊತೆ ದೊಡ್ಡವರ ವ್ಯಾಪಾರ ಬಿದ್ದರೆ ಟವಲ್ಲಿನ ಕೆಳಗೆ ಎರಡು ಸಲ ಕೈ ಹೋಗುತ್ತಿತ್ತು. ಮೊದಲು ಮೊಹಿದ್ದೀನ್ ದೊಡ್ಡವರ ಕೈ ಹಿಡಿಯುವನು, ಆಮೇಲೆ ಈಚೆ ಬಂದು ಇವನ ಕೈ ಹಿಡಿಯುವನು. ಅವತ್ತೂ ಹಾಗೇ ಶುರುವಾಯಿತು. ಗಾಡಿಗಿಷ್ಟು ಎಂಬ ಮಾತು ನಾಲ್ಕು ಸಲ ಆಚೆಗೂ ಈಚೆಗೂ ಓಡಾಡಿ ಒಂದು ಕಡೆ ನಿಂತಿತು.

“ಆಯ್ತಲ್ಲ ಮಾರಾಯ,” ಅಂದ ಮೊಹಿದ್ದೀನ್.

“ಇನ್ನೊಂದೈತೆ ಸಾಬ್ರೆ. ಬಡಗಣ ಮೂಲೆ. ಮೂರು ಗುಂಟೆ. ಅದನ್ನ ತೋಡಂಗಿಲ್ಲ.”

ಮೊಹಿದ್ದೀನ್ ಹೋಗಿ ಹೇಳಿದ. ಲಕ್ಷ್ಮೀಕಾಂತಯ್ಯ ಅಲ್ಲಿಂದಲೇ ಗದರಿದರು. “ಮೂಲೆ ಗೀಲೆ ಆಗಲ್ಲ. ಒಳ್ಳೇ ಮಣ್ಣಿರೋದೇ ಆ ಕಡೆ. ಹೊಲ ಅಂದ್ರೆ ಹೊಲ.”

“ಅಲ್ಲಿ ನಮ್ಮೋರು ಮಲಗವ್ರೆ ಬುದ್ಧಿ.”

“ಎಬ್ಬಿಸಿ ಬೇರೆ ಕಡೆ ಮಲಗಿಸೋ. ನಿಮ್ಮವರಿಗೇನು, ಎಲ್ಲಾದ್ರೂ ನಿದ್ದೆ ಬರುತ್ತೆ.”

ಸುತ್ತ ಇದ್ದ ನಾಲ್ಕು ಜನ ನಕ್ಕರು. ಉಜ್ಜನಪ್ಪ ನೆಲದ ಮೇಲಿದ್ದ ಕಂಬಳಿ ಎತ್ತಿ ಹೆಗಲಿಗೆ ಹಾಕಿಕೊಂಡ. “ಹಂಗಾರೆ ಮಣ್ಣೂ ಇಲ್ಲ ಬುದ್ಧಿ. ಬತ್ತೀನಿ.”

ಹತ್ತು ಹೆಜ್ಜೆ ನಡೆದಿರಬಹುದು. ದೊಡ್ಡವರು ಮಾತಾಡುವಾಗ ಬೆನ್ನು ತಿರುಗಿಸಿದ್ದು ಅವನ ವಂಶದಲ್ಲಿ ಅವನೇ ಮೊದಲಿರಬೇಕು. ಹಿಂದಿನಿಂದ ಕೂಗು ಬಂತು.

“ಬಾರೋ ಇಲ್ಲಿ, ಉಜ್ಜ. ಮೊಹಿದ್ದೀನ್, ಟವಲ್ ಹಾಕು.”

ಮೊಹಿದ್ದೀನ್ ಟವಲ್ಲು ಹೊದಿಸಿ, ಅಭ್ಯಾಸದಂತೆ ತನ್ನ ಕೈ ಒಳಗೆ ಹಾಕಿದ. “ನೀನು ತೆಗಿ,” ಅಂದರು ಲಕ್ಷ್ಮೀಕಾಂತಯ್ಯ. ಮುಖವನ್ನು ಎತ್ತುಗಳ ಕಡೆ ತಿರುಗಿಸಿಕೊಂಡು, ಯಾವುದೋ ಬಾಲ ನೋಡುವವರಂತೆ ನಿಂತು, ತಮ್ಮ ಕೈಯನ್ನೇ ಒಳಗಿಟ್ಟರು.

ಆ ಕೈ ಮೆತ್ತಗಿತ್ತು. ಬೆವೆತಿತ್ತು. ಉಂಗುರ ಮಾತ್ರ ತಣ್ಣಗಿತ್ತು. ಉಜ್ಜನಪ್ಪನ ತಲೆಯೊಳಗೆ ಸಂತೆಯ ಸದ್ದೆಲ್ಲ ನಿಂತುಹೋಯಿತು. ಮೂವತ್ತೆಂಟು ವರ್ಷದಲ್ಲಿ ಅಂಥವರ ಕೈ ಅವನ ಕೆನ್ನೆಗೂ ಸೋಕಿರಲಿಲ್ಲ. ಹೊಡೆಯುವಾಗಲೂ ಕೋಲೇ ಬಳಸುತ್ತಿದ್ದರು. ಅವನು ಹೇಗೋ ಎಚ್ಚರ ತಂದುಕೊಂಡು ಅವರ ಮೂರು ಬೆರಳು ಹಿಡಿದ. ಆ ಬೆರಳುಗಳು ಜಾರಿಕೊಂಡವು. ಮರುಗಳಿಗೆ ಅವನ ಇಡೀ ಕೈಯನ್ನು, ಐದು ಬೆರಳನ್ನೂ ಸೇರಿಸಿ, ಗಟ್ಟಿಯಾಗಿ ಹಿಡಿದವು.

“ಐದಾ ಬುದ್ಧಿ?”

“ಬಾಯಿ ಬಿಡಬೇಡ,” ಅಂದರು ಅವರು ಎತ್ತು ನೋಡುತ್ತಲೇ. ಕುಲುಕಿ ಬಿಟ್ಟರು.

ಅವನು ಕೇಳಿದ್ದು ಮೂರು, ಅವರು ಕೊಟ್ಟದ್ದು ಐದು. ಭದ್ರಾವತಿ ಬಸ್ಸಿನ ಹಿಂದಿನ ಸೀಟಿನಲ್ಲಿ ಉಜ್ಜನಪ್ಪ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಊರು ಬರುವವರೆಗೂ ಅದನ್ನೇ ನೋಡುತ್ತ ಕೂತ.

“ಬರೆಸ್ಕೊಂಡ್ಯಾ?” ಎಂದಳು ತುಂಗಮ್ಮ.

“ಕೈ ಹಿಡಿದ್ರು ಕಣೆ.”

“ಬರೆಸ್ಕೊಂಡ್ಯಾ ಅಂದೆ.”

“ಅಲ್ವೆ, ಅಂಥೋರು ನನ್ ಕೈಯೇ ಹಿಡಿದ್ರು ಅಂತೀನಿ. ಹಿಡಿದ ಮ್ಯಾಲೆ ಬರ್ಕೊಡಿ ಅನ್ನಕಾಯ್ತದಾ? ಅವಮಾನ ಮಾಡ್ದಂಗೆ.”

ತುಂಗಮ್ಮ ಒಲೆಯ ಕಡೆ ತಿರುಗಿಕೊಂಡಳು.

ಎಂಟು ದಿನಕ್ಕೆ ಭದ್ರಾವತಿಗೆ ಕರೆಸಿದರು. ಗುಮಾಸ್ತ ಮೇಜಿನ ಮೇಲಿದ್ದ ಮಸಿಯ ಪೆಟ್ಟಿಗೆಯನ್ನು ನೆಲಕ್ಕೆ ಎಸೆದ. ಮೂರು ಹಾಳೆಯ ಪತ್ರವನ್ನು ಮಂತ್ರ ಹೇಳುವವನಂತೆ ಓದಿದ. ಸದರಿ, ಚೆಕ್ಕುಬಂದಿ, ಮುದ್ದತ್ತು, ಯಾವತ್ತೂ ಹಕ್ಕು. ಗಾಡಿಯ ಲೆಕ್ಕ ಬಂದದ್ದು ಮಾತ್ರ ಉಜ್ಜನಪ್ಪನಿಗೆ ತಿಳಿಯಿತು. ಅದು ಸರಿಯಾಗಿತ್ತು.

“ಮೂಲೆ ವಿಷ್ಯ ಸ್ವಾಮಿ?”

“ಯಜಮಾನರು ಸಂತೇಲಿ ಮಾತಾಡಿದಾರಂತಲ್ಲ. ಮತ್ತೇನು?”

ಅದು ಹೌದಲ್ಲ ಅನ್ನಿಸಿತು. ಹೆಬ್ಬೆಟ್ಟು ಒತ್ತಿದ.

ತೋಡುವ ಕೂಲಿಗೆ ಅವನನ್ನೇ ತೆಗೆದುಕೊಂಡರು. ಯಾರ ಹೊಲ ಎಂದು ಯಾರಾದರೂ ಕೇಳಿದರೆ ಮೇಸ್ತ್ರಿ, “ನಮ್ಮದು,” ಅನ್ನುತ್ತಿದ್ದ. ಉಜ್ಜನಪ್ಪ ಕೇಳಿಸಿಕೊಂಡು ಗುದ್ದಲಿ ಎತ್ತುತ್ತಿದ್ದ. ಮಳೆಗಾಲ ಕಳೆಯುವ ಹೊತ್ತಿಗೆ ಗಾಡಿ ಹೋಗಿ ಲಾರಿ ಬಂತು. ಮೊಹಿದ್ದೀನನ ಮಗ ನಿಯಾಜ್‌ನನ್ನೇ ಡ್ರೈವರ್ ಮಾಡಿದರು. ಹೊಲ ಕೆರೆಯಂತಾಯಿತು. ಒಂದು ಬೆಳಿಗ್ಗೆ ಉಜ್ಜನಪ್ಪ ಬಂದು ನೋಡಿದರೆ ಬಡಗಣ ಮೂಲೆಯ ಸುತ್ತ ಸುಣ್ಣದ ಗೆರೆ ಎಳೆದಿತ್ತು. ಗೆರೆ ಮಗಳ ಮೇಲೆ ಹಾದುಹೋಗಿತ್ತು.

“ಇದು ಬಿಟ್ಟಿದ್ದು ಮೇಸ್ತ್ರಿ. ಐದು ಗುಂಟೆ.”

“ಯಾವನ್ಲಾ ಬಿಟ್ಟೋನು? ಪತ್ರದಾಗೆ ಪೂರ್ತಿ ಐತೆ. ಬರೋ ವಾರ ಇಲ್ಲಿ ಗುದ್ದಲಿ ಬೀಳ್ತದೆ. ಕೂಲಿ ಬೇಕೋ ಬ್ಯಾಡ್ವೋ ಹೇಳು.”

ಉಜ್ಜನಪ್ಪ ಗುದ್ದಲಿ ಅಲ್ಲೇ ಹಾಕಿ ಶಿವಮೊಗ್ಗಕ್ಕೆ ಹೋದ. ಲಕ್ಷ್ಮೀಕಾಂತಯ್ಯ ಮನೆಯಲ್ಲಿರಲಿಲ್ಲ. ಹಿತ್ತಲ ಬಾಗಿಲಿಗೆ ಅವರ ಹೆಂಡತಿ ವಿಮಲಮ್ಮ ಬಂದರು. ಕೆಟ್ಟವರಲ್ಲ. “ಬಿಸಿಲಲ್ಲಿ ಬಂದಿದೀಯ, ಬೊಗಸೆ ಹಿಡಿ,” ಎಂದು ಮೇಲಿನಿಂದ ಮಜ್ಜಿಗೆ ಹುಯ್ದರು. ಉಜ್ಜನಪ್ಪ ಕುಡಿಯುತ್ತ ಕತೆಯೆಲ್ಲ ಹೇಳಿಕೊಂಡ. ಕೊನೆಗೆ, ನಂಬಲಿ ಎಂದು, ಅದನ್ನೂ ಹೇಳಿದ.

“ಬುದ್ಧಿಯೋರು ಮಾತಿಗೆ ತಪ್ಪೋರಲ್ಲ ತಾಯಿ. ಸಂತೆಯಾಗೆ ನನ್ ಕೈನೇ ಹಿಡ್ಕಂಡು ಕೊಟ್ಟಿದ್ರು.”

ಮಜ್ಜಿಗೆಯ ಧಾರೆ ನಿಂತಿತು.

“ಯಾರು ಯಾರ ಕೈ ಹಿಡ್ಕೊಂಡಿದ್ದು?”

“ಬುದ್ಧಿಯೋರು. ನನ್ ಕೈಯ.”

ವಿಮಲಮ್ಮ ಅವನನ್ನು ನೋಡಿದರು. ಅವನ ಕೈ ನೋಡಿದರು. ಚೊಂಬನ್ನು ಅಲ್ಲೇ ಹಿತ್ತಲ ಕಲ್ಲಿನ ಮೇಲೆ ಬಿಟ್ಟು ಒಳಗೆ ಹೋಗಿ ಅಗುಳಿ ಹಾಕಿಕೊಂಡರು. “ಅವತ್ತು ಸಂತೆಯಿಂದ ಬಂದು ಸ್ನಾನ ಮಾಡದೆ ನೇರ ಊಟಕ್ಕೆ ಕೂತರಲ್ಲೇ,” ಎಂದು ಯಾರಿಗೋ ಹೇಳುತ್ತಿದ್ದುದು ಬಾಗಿಲಾಚೆಯಿಂದ ಕೇಳಿಸಿತು. ಆ ಮನೆಯಲ್ಲಿ ಹೇಳಬಾರದ ಮಾತೊಂದನ್ನು ಹೇಳಿಬಿಟ್ಟೆ ಎಂದು ಉಜ್ಜನಪ್ಪನಿಗೆ ಆಗ ಹೊಳೆಯಿತು. ಬೊಗಸೆಯಲ್ಲಿ ಉಳಿದ ಮಜ್ಜಿಗೆಯನ್ನು ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದ.

ಅರ್ಜಿ ಬರೆಯುವವನ ಕೈಯಲ್ಲಿ ಬರೆಸಿ ತಾಲ್ಲೂಕು ಕಚೇರಿಗೆ ಕೊಟ್ಟ. ವಿಚಾರಣೆಗೆ ಕರೆದ ದಿನ ಸಾಹೇಬರು ಒಳಗೆ ಮೇಜಿನ ಹಿಂದೆ, ಲಕ್ಷ್ಮೀಕಾಂತಯ್ಯ ಎದುರು ಕುರ್ಚಿಯಲ್ಲಿ, ಉಜ್ಜನಪ್ಪ ಹೊಸ್ತಿಲಾಚೆ. ಗೋಡೆಗೆ ಒರಗಿ ಮೊಹಿದ್ದೀನ್ ನಿಂತಿದ್ದ. ಅವನ ಹೆಗಲ ಮೇಲೆ ಆವತ್ತು ಟವಲ್ಲಿರಲಿಲ್ಲ.

“ಪತ್ರದಲ್ಲಿ ಎರಡು ಎಕರೆ ಹತ್ತು ಗುಂಟೆ ಪೂರ್ತಿ ಅಂತಿದೆ,” ಅಂದರು ಸಾಹೇಬರು. “ಹೆಬ್ಬೆಟ್ಟು ನಿಂದೇ ತಾನೆ?”

“ನಂದೇ ಸ್ವಾಮಿ. ಆದ್ರೆ ಕೈಮಾತಾಗೆ ಐದು ಗುಂಟೆ ಬಿಟ್ಟಿದ್ರು.”

“ಕೈಮಾತು ಅಂದ್ರೆ?”

ಉಜ್ಜನಪ್ಪ ತನ್ನ ಎಡಗೈಯಿಂದ ಬಲಗೈಯ ಐದು ಬೆರಳು ಹಿಡಿದು ತೋರಿಸಿದ. “ಹಿಂಗೆ. ಟವಲ್ ಕೆಳಗೆ. ಬುದ್ಧಿಯೋರು ನನ್ ಕೈ ಹಿಡಿದು ಹೇಳಿದ್ರು.”

ಲಕ್ಷ್ಮೀಕಾಂತಯ್ಯ ಅವನ ಕಡೆ ತಿರುಗಲಿಲ್ಲ. ಸಾಹೇಬರಿಗೇ ಹೇಳಿದರು. “ಸ್ವಾಮಿ, ನನ್ನ ಹೊಟ್ಟೇಲಿ ಹುಟ್ಟಿದ ಮಕ್ಕಳೇ ನಾನು ಮಡಿಯಲ್ಲಿದ್ದಾಗ ಹತ್ತಿರ ಬರಲ್ಲ. ನಾನು ಹೊಲೆಯನ ಕೈ ಹಿಡಿದೆನಂತೆ. ಶಿವಮೊಗ್ಗ ಪೇಟೇಲಿ ಯಾವನನ್ನಾದ್ರೂ ನಿಲ್ಲಿಸಿ ಕೇಳಿ. ಒಬ್ಬ, ಒಬ್ಬನೇ ಒಬ್ಬ ಹೌದು ಅಂದ್ರೆ ಐದಲ್ಲ, ಹೊಲಾನೇ ಬಿಟ್ಟುಕೊಡ್ತೀನಿ.”

ಒಳಗಿದ್ದ ಕಾರಕೂನರು ನಕ್ಕರು. ಸಾಹೇಬರೂ ಮೀಸೆಯಲ್ಲಿ ನಕ್ಕರು. “ಜೋಪಾನ ಕಣ್ರೀ. ಮುಟ್ಟಲ್ಲ ಅಂದ್ರೆ ಈಗ ಕಾನೂನು ಪ್ರಕಾರ ಜೈಲು.”

“ಮುಟ್ಟಲ್ಲ ಅಂತ ನಾನೆಲ್ಲಿ ಅಂದೆ? ಮುಟ್ಟಿಲ್ಲ ಅಂದೆ. ಅದಕ್ಕೆ ಜೈಲಿಲ್ಲವಲ್ಲ.”

ಈ ಸಲ ನಗು ಜೋರಾಯಿತು. ಉಜ್ಜನಪ್ಪನಿಗೆ ಆ ನಗುವಿನ ಅರ್ಥ ನಿಧಾನವಾಗಿ ಇಳಿಯಿತು. ಹುಟ್ಟಿದಾಗಿನಿಂದ ಯಾವುದು ಅವನನ್ನು ಹೊಸ್ತಿಲಾಚೆ ನಿಲ್ಲಿಸಿತ್ತೋ ಅದೇ ಈಗ ಅವರ ಪರ ಸಾಕ್ಷಿ ಹೇಳುತ್ತಿತ್ತು. ಅವರು ಬೇಕೆಂದೇ ತಮ್ಮ ಕೈ ಕೊಟ್ಟಿದ್ದರು. ಮೊಹಿದ್ದೀನನ ಕೈಯಲ್ಲಿ ಬಂದ ಮಾತಾಗಿದ್ದರೆ ಜನ ನಂಬುತ್ತಿದ್ದರು. ಇದನ್ನು ಯಾರೂ ನಂಬುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

“ಸಾಬ್ರೆ,” ಅಂದ ಉಜ್ಜನಪ್ಪ. “ಟವಲ್ ನಿಮ್ದು. ನೀವು ಹೇಳಿ.”

ಸಾಹೇಬರು ಕೇಳಿದರು. “ಏನಯ್ಯಾ ದಲ್ಲಾಳಿ, ಇವರು ಇವನ ಕೈ ಹಿಡಿದ್ರಾ?”

ಮೊಹಿದ್ದೀನ್ ಗಡ್ಡ ನೀವಿಕೊಂಡ. ಲಕ್ಷ್ಮೀಕಾಂತಯ್ಯ ಅವನ ಕಡೆ ನೋಡದೆ, “ನಿಯಾಜ್ ಚೆನ್ನಾಗಿ ಲಾರಿ ಓಡಿಸ್ತಾನಪ್ಪ. ಹೊಸ ಲಾರೀನೂ ಅವನಿಗೇ ಕೊಡೋಣ ಅಂತಿದೀನಿ,” ಅಂದರು.

“ಕೇಳಿದ್ದಕ್ಕೆ ಹೇಳಯ್ಯ.”

“ನನಗೆ ಕಾಣ್ಲಿಲ್ಲ ಸಾಬ್,” ಅಂದ ಮೊಹಿದ್ದೀನ್. ದನಿ ಬಹಳ ಸಣ್ಣಗಿತ್ತು. “ಟವಲ್ ಅಡ್ಡ ಇತ್ತು.”

ಹೊರಗೆ ಬಂದ ಮೇಲೆ ಮುದುಕ ಮೊಹಿದ್ದೀನ್ ಹಿಂದೆಯೇ ಓಡೋಡಿ ಬಂದ. “ಉಜ್ಜಣ್ಣ, ಮನೇಲಿ ಏಳು ಜನ ಉಣ್ಣೋರಿದಾರೆ ಮಾರಾಯ. ಒಂದು ಮಾತು ಕೇಳು…”

“ನೀವು ಸುಳ್ಳು ಹೇಳ್ಲಿಲ್ಲ ಬಿಡಿ ಸಾಬ್ರೆ. ಟವಲ್ ಅಡ್ಡ ಇತ್ತು.”

“ಬೈಯೋ ನನ್ನ. ತಾಯಿ ಅಕ್ಕ ಅಂತ ಬೈದು ಹೋಗೋ.”

ಉಜ್ಜನಪ್ಪ ಬೈಯಲಿಲ್ಲ. ಬಸ್ಸಿಗೆ ಹೋಗಿ ಕೂತ. ದಾರಿಯುದ್ದಕ್ಕೂ ತುಂಗಮ್ಮನಿಗೆ ಏನು ಹೇಳುವುದೆಂದು ಮಾತು ಜೋಡಿಸಿದ. ಒಂದೂ ನಿಲ್ಲಲಿಲ್ಲ.

ಹೇಳುವ ಕೆಲಸ ಬೀಳಲಿಲ್ಲ. ಅವನು ಕಚೇರಿಯ ಹೊಸ್ತಿಲಲ್ಲಿ ನಿಂತಿದ್ದ ಹೊತ್ತಿಗೆ ಬೇರೆ ಊರಿನಿಂದ ಹನ್ನೆರಡು ಆಳು ಇಳಿಸಿ ಮೂಲೆಯಲ್ಲಿ ಅವರು ಮಲಗಿದ್ದಷ್ಟು ಜಾಗ ತೋಡಿ ಮುಗಿಸಿದ್ದರು. ತುಂಗಮ್ಮ ಗುಂಡಿಯ ಅಂಚಿನಲ್ಲಿ ಕೂತಿದ್ದಳು. ರವಿಕೆಯ ತೋಳು ಹರಿದಿತ್ತು. ಎಳೆದು ಹಾಕಿದ್ದರೆಂದು ಕಾಣುತ್ತಿತ್ತು. ಬಾಯೆಲ್ಲ ಬಿಳಿ ಮಣ್ಣು.

“ಮಲಿಕ್ಕಂಡೆ,” ಅಂದಳು. “ಅವಳ ಮ್ಯಾಲೇ ಮಲಿಕ್ಕಂಡೆ. ಕಾಲು ಹಿಡಿದು ಎಳೆದ್ರು.”

ಉಜ್ಜನಪ್ಪ ಗುಂಡಿಯೊಳಗೆ ನೋಡಿದ. ಆಳುದ್ದ ಆಳ. ಎಲ್ಲ ಕಡೆ ಒಂದೇ ಬಿಳುಪು. ಎಲ್ಲಿ ಅಪ್ಪ, ಎಲ್ಲಿ ಅವ್ವ, ಎಲ್ಲಿ ಹುಡುಗಿ ಎಂದು ಹೇಳಲು ಒಂದು ಗುರುತಿರಲಿಲ್ಲ.

“ನಿಂಗೆ ಬರೆಸ್ಕೊ ಅಂದಿದ್ದೆ,” ಅಂದಳು ತುಂಗಮ್ಮ. ಸಿಟ್ಟಿನಿಂದಲ್ಲ. ಆಮೇಲೆ ಎದ್ದು, ಈ ಸಲ ಸೀರೆ ಕೊಡವಿಕೊಳ್ಳದೆ, ಆಳುಗಳು ಬಿಟ್ಟುಹೋಗಿದ್ದ ಎರಡು ಬುಟ್ಟಿ ಎತ್ತಿಕೊಂಡಳು.

“ಎಲ್ಲಿಗೆ?”

“ಕರ್ಕಂಬರಕ್ಕೆ.”

ಭದ್ರಾವತಿ ಮೂರು ಮೈಲಿ. ಇಬ್ಬರೂ ನಡೆದರು. ಸೇತುವೆ ದಾಟುವಾಗ ಕಾರ್ಖಾನೆಯ ಸೈರನ್ನು ಕೂಗಿತು. ಪಾಳಿ ಮುಗಿಸಿದವರು ಸೈಕಲ್ಲು ಹತ್ತಿ ಎದುರಾದರು. ಬಿಳಿ ಮಣ್ಣು ಮೆತ್ತಿಕೊಂಡ ಹೆಂಗಸನ್ನು ಕಂಡು ಒಂದಿಬ್ಬರು ತಮಿಳಿನಲ್ಲಿ ಏನೋ ಅಂದು ನಕ್ಕರು. ಆಮೇಲೆ ಅವಳ ಮುಖ ನೋಡಿ ಸೈಕಲ್ಲನ್ನು ಬದಿಗೆ ತಿರುಗಿಸಿದರು.

ಭಟ್ಟಿಯ ಅಂಗಳದಲ್ಲಿ ಮಣ್ಣಿನ ರಾಶಿ ಮನೆಯೆತ್ತರ ಇತ್ತು. ಪಕ್ಕದ ತೊಟ್ಟಿಯಲ್ಲಿ ಆರು ಹೆಂಗಸರು ಸೀರೆ ಮೊಣಕಾಲಿಗೆ ಕಟ್ಟಿ, ನೀರು ಹುಯ್ದ ಮಣ್ಣನ್ನು ತುಳಿಯುತ್ತಿದ್ದರು. ತುಂಗಮ್ಮ ನೇರ ಹೋಗಿ ತೊಟ್ಟಿಯ ದಡದಲ್ಲಿ ನಿಂತಳು.

“ತುಳೀಬ್ಯಾಡ್ರವ್ವ,” ಅಂದಳು. “ಅದ್ರಾಗೆ ನನ್ ಮಗಳವ್ಳೆ.”

ತುಳಿಯುವವರ ಮುಂದಾಳು ಮಹಾಂತಮ್ಮ ಎಂಬ ದಪ್ಪ ಹೆಂಗಸು. ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡೇ, “ಏನಂದಿ?” ಎಂದಳು. ಉಜ್ಜನಪ್ಪ ಎರಡು ಮಾತಿನಲ್ಲಿ ಹೇಳಿದ. ಮಹಾಂತಮ್ಮ ಎಲೆಯಡಿಕೆ ಉಗಿದಳು. ಒಂದು ಕಾಲು ಎತ್ತಿದಳು, ಕೆಳಗೆ ನೋಡಿದಳು, ಮತ್ತೆ ಅದನ್ನು ಎಲ್ಲಿಡುವುದೆಂದು ಗೊತ್ತಾಗದೆ ಹಾಗೇ ನಿಂತಳು. ಆಮೇಲೆ ದಡ ಹಿಡಿದು ಹೊರಗೆ ಬಂದಳು. ಉಳಿದ ಐವರೂ ಬಂದರು.

ವಾಚ್‌ಮನ್ ಓಡಿ ಬಂದ. “ಯೋವ್, ಯಾರು ನಿಲ್ಲಿಸಿದ್ದು? ಯಾವಳೇ ನೀನು?”

“ಕಾಲಿಗೆ ಮೂಳೆ ಸಿಕ್ರೆ ನೀನು ಬಂದು ತುಳೀತೀಯೇನೋ, ಮುಂಡೇಮಗನೆ?” ಅಂದಳು ಮಹಾಂತಮ್ಮ.

ಅಷ್ಟರಲ್ಲಿ ಗೇಟಿನಲ್ಲಿ ಲಾರಿ ಬಂತು. ನಿಯಾಜ್ ಉಜ್ಜನಪ್ಪನನ್ನು ಕಂಡು ಬ್ರೇಕು ಹಾಕಿದ. ಇಂಜಿನ್ನು ನಿಲ್ಲಿಸಿ ಇಳಿದು ಬಂದು, ಕಣ್ಣು ನೆಲದ ಮೇಲಿಟ್ಟು ಹೇಳಿದ. “ಉಜ್ಜಣ್ಣ, ಈ ಲೋಡೂ ಆ ಮೂಲೇದೇ. ಬೆಳಿಗ್ಗೆ ಮೂರು ಹಾಕಿದೀನಿ. ಎರಡು ರಾಶೀಲಿ ಇದೆ. ಒಂದು ತೊಟ್ಟಿಗೆ ಹೋಯ್ತು. ನನಗೆ ಗೊತ್ತಿರ್ಲಿಲ್ಲ. ಅಲ್ಲ, ಗೊತ್ತಿತ್ತು.”

ಉಜ್ಜನಪ್ಪ ರಾಶಿಯ ಬುಡಕ್ಕೆ ಹೋಗಿ ಕೈಯಿಂದಲೇ ಬುಟ್ಟಿಗೆ ಮಣ್ಣು ತುಂಬತೊಡಗಿದ. ತುಂಗಮ್ಮ ತೊಟ್ಟಿಗೆ ಇಳಿದು, ತುಳಿದ ಕೆಸರನ್ನು ಬೊಗಸೆಬೊಗಸೆಯಾಗಿ, ಬೆರಳುಗಳ ನಡುವೆ ಹಿಸುಕಿ ಹಿಸುಕಿ ನೋಡಿ, ಮೆಲ್ಲಗೆ ಬುಟ್ಟಿಗೆ ಹಾಕಿದಳು.

“ಕಳ್ಳತನ ಕಣೋ ಇದು,” ಎಂದ ವಾಚ್‌ಮನ್. “ಕಂಟ್ರಾಕ್ಟರ್ ಮಾಲು. ಪತ್ರ ಆಗಿದೆ.”

“ಪತ್ರದಾಗೆ ಮಣ್ಣು ಐತೆ,” ಅಂದ ಉಜ್ಜನಪ್ಪ. “ನಮ್ಮಪ್ಪ ಐತಾ? ನಮ್ಮವ್ವ ಐತಾ? ನನ್ ಮಗಳು ಸರಸ್ವತಿ ಅಂತ ಬರೆದೈತಾ? ಹೋಗು, ತಂದು ಓದು.”

“ಪೊಲೀಸ್ ಕರೀತೀನಿ.”

“ಕರಿ. ಅವರ್ಗೂ ಎರಡು ಬುಟ್ಟಿ ತರಕ್ಕೇಳು.”

ವಾಚ್‌ಮನ್ ಗೇಟು ಹಾಕಲು ಓಡಿದ. ಗೇಟಿನ ನಡುವೆ ಲಾರಿ ನಿಂತಿತ್ತು. “ಗಾಡಿ ತೆಗೆಯೋ,” ಎಂದು ಕೂಗಿದ. ನಿಯಾಜ್ ಫುಟ್‌ಬೋರ್ಡಿನ ಮೇಲೆ ಕೂತು ಬೀಡಿ ಹಚ್ಚಿದ. ಹತ್ತಲಿಲ್ಲ. ಇನ್ನೊಂದು ಕಡ್ಡಿ ಗೀರಿದ.

ಮಹಾಂತಮ್ಮ ಒಂದು ಕೈ ಹಾಕಿ ತುಂಗಮ್ಮನ ತಲೆಗೆ ಬುಟ್ಟಿ ಹೊರಿಸಿದಳು. ಒದ್ದೆ ಮಣ್ಣಿನ ನೀರು ಬುಟ್ಟಿಯ ತಳದಿಂದ ಸೋರಿ ತುಂಗಮ್ಮನ ಹಣೆ, ಕೆನ್ನೆ, ಕತ್ತಿನ ಮೇಲೆ ಬೆಳ್ಳಗೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಉಜ್ಜನಪ್ಪ ತನ್ನದನ್ನು ತಾನೇ ಎತ್ತಿಕೊಂಡ. ಲಾರಿಗೂ ಗೇಟಿಗೂ ನಡುವಿದ್ದ ಸಂದಿಯಲ್ಲಿ ಇಬ್ಬರೂ ಒಬ್ಬರ ಹಿಂದೊಬ್ಬರು ರಸ್ತೆಗೆ ಬಂದರು.

ನೂರು ಮಾರು ಹೋದ ಮೇಲೆ ತುಂಗಮ್ಮ ನಿಂತಳು. ಬುಟ್ಟಿ ಅಲುಗದಂತೆ ಕತ್ತು ನೆಟ್ಟಗಿಟ್ಟುಕೊಂಡೇ ಕೇಳಿದಳು.

“ಇದ್ರಾಗವ್ಳಾ?”

“ಗೊತ್ತಿಲ್ಲ.”

“ಇಲ್ದಿದ್ರೆ?”

“ಇನ್ನೊಂದ್ಸಲ ಬರಾನ.”

ಅವಳು ಹಿಂದಕ್ಕೆ ತಿರುಗಿ ನೋಡುವಂತಿರಲಿಲ್ಲ, ತಲೆಯ ಮೇಲೆ ಬುಟ್ಟಿಯಿತ್ತು. ಉಜ್ಜನಪ್ಪ ಒಮ್ಮೆ ತಿರುಗಿ ನೋಡಿದ. ಗೋಡೆಯ ಮೇಲಿನಿಂದ ರಾಶಿಯ ತಲೆ ಕಾಣುತ್ತಿತ್ತು. ಅದರಲ್ಲಿ ಏನೂ ಕಡಿಮೆಯಾದಂತಿರಲಿಲ್ಲ.

“ನಡಿ,” ಅಂದ.